ಮರೆವಿನ ಕಾಯಿಲೆ ಇದ್ದವರಿಗೆ ಕ್ಯಾನ್ಸರ್ ಬಂದರೆ: ಆಪರೇಷನ್ನೋ, ಕರೆಂಟೋ, ಗುಳಿಗೆಯೋ, ಬರೀ ಆರೈಕೆಯೋ?

ಬಯಾಪ್ಸಿ ವರದಿ ಕೈಗೆ ಬಂದ ದಿನ ಮನೆಯಲ್ಲಿ ಎರಡು ಮಾತು ಏಳುತ್ತವೆ. ಒಂದು: ‘ಅಜ್ಜಗ ಮೊದಲ ಅರಳು-ಮರಳು, ಇನ್ನ ಇದೆಲ್ಲಾ ಯಾಕ, ಇರೋತನಕ ಇರ್ಲಿ.’ ಇನ್ನೊಂದು ಬೆಂಗಳೂರಿನಿಂದಲೋ ಪುಣೆಯಿಂದಲೋ ಫೋನಿನಲ್ಲಿ ಬರುವುದು: ‘ರೊಕ್ಕದ ಚಿಂತಿ ಬ್ಯಾಡ, ಏನೇನ ಐತಿ ಎಲ್ಲಾ ಮಾಡ್ಸ್ರಿ.’ ಮೊದಲ ಮಾತಿನಿಂದ ಸಣ್ಣ ಆಪರೇಷನ್ನಿನಲ್ಲಿ ಮುಗಿಯುತ್ತಿದ್ದ ಗಡ್ಡೆ ಆರು ತಿಂಗಳಿಗೆ ಕೊಳೆತ ಗಾಯವಾಗುತ್ತದೆ. ಎರಡನೆಯದರಿಂದ ಮೂವತ್ತು ದಿನದ ಚಿಕಿತ್ಸೆ ಹನ್ನೊಂದನೇ ದಿನಕ್ಕೆ ನಿಂತು, ಕಷ್ಟವಷ್ಟೇ ಉಳಿಯುತ್ತದೆ.

ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇದ್ದವರ ಮಟ್ಟಿಗೆ ಗಡ್ಡೆ ಯಾವ ಹಂತದಲ್ಲಿದೆ ಎನ್ನುವುದು ಅರ್ಧ ಲೆಕ್ಕ. ಉಳಿದರ್ಧ, ಆ ಚಿಕಿತ್ಸೆ ರೋಗಿಯಿಂದ ದಿನಾ ಏನು ಬೇಡುತ್ತದೆ ಎನ್ನುವುದು. ಒಂದಕ್ಕೆ ಅಲುಗಾಡದೆ ಮಲಗಬೇಕು, ಇನ್ನೊಂದಕ್ಕೆ ಮೂಗಿನ ನಳಿಗೆ ಕೀಳದೆ ಇರಬೇಕು, ಮತ್ತೊಂದಕ್ಕೆ ಜ್ವರ ಬಂದರೆ ಬಾಯಿಬಿಟ್ಟು ಹೇಳಬೇಕು. ಕೆಳಗಿನ ಹೋಲಿಕೆ ಈ ಎರಡನೇ ಅರ್ಧವನ್ನು ಹಿಡಿದೇ ನಡೆಯುತ್ತದೆ.

ಮೊದಲು ಮರೆವನ್ನೇ ಪರೀಕ್ಷಿಸಿ

‘ಅರವತ್ತಕ್ಕೆ ಅರಳು-ಮರಳು’ ಎಂದು ಬಿಟ್ಟಿದ್ದರಲ್ಲಿ ಎಲ್ಲವೂ ಡಿಮೆನ್ಶಿಯಾ ಆಗಿರುವುದಿಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್, ರಕ್ತದಲ್ಲಿ ಸೋಡಿಯಂ ಇಳಿಯುವುದು, ಬಿದ್ದ ಮೇಲೆ ತಲೆಬುರುಡೆಯೊಳಗೆ ನಿಧಾನ ಕಟ್ಟುವ ರಕ್ತ, ಮಾತೇ ಆಡದಂಥ ಖಿನ್ನತೆ, ಇವೆಲ್ಲ ಮರೆವಿನ ವೇಷ ಹಾಕುತ್ತವೆ. ಕ್ಯಾನ್ಸರ್ ತಾನೇ ಈ ವೇಷ ಹಾಕುವುದೂ ಉಂಟು: ಮೆದುಳಿಗೆ ಹರಡಿದರೆ, ರಕ್ತದಲ್ಲಿ ಕ್ಯಾಲ್ಸಿಯಂ ಏರಿದರೆ. ಇವುಗಳಲ್ಲಿ ಹಲವು ಸರಿಹೋಗುವಂಥವು.

ಗುರುತು ಸರಳ. ಡಿಮೆನ್ಶಿಯಾ ವರ್ಷಗಟ್ಟಲೆ ಏರುತ್ತದೆ. ನಿನ್ನೆ ಮೊಮ್ಮಗನ ಹೆಸರು ಹೇಳಿದವರು ಇವತ್ತು ಬೆಳಗ್ಗೆ ಮನೆಯವರನ್ನೇ ಗುರುತಿಸದಿದ್ದರೆ ಅದು ಡೆಲಿರಿಯಂ, ಅಂದರೆ ತಟ್ಟನೆ ಬಂದ ಗೊಂದಲ. ಕಾರಣ ಸೋಂಕು, ಮೂತ್ರ ಕಟ್ಟಿರುವುದು, ನಾಲ್ಕು ದಿನದ ಮಲಬದ್ಧತೆ ಅಥವಾ ಹೊಸ ಔಷಧ. ಆ ಸ್ಥಿತಿಯಲ್ಲಿ ನೋಡಿ ‘ಇವರಿಗೆ ಯಾವ ಟ್ರೀಟ್‌ಮೆಂಟೂ ತಡೆಯೋದಿಲ್ಲ’ ಎಂದು ತೀರ್ಮಾನಿಸಬೇಡಿ. ಡೆಲಿರಿಯಂ ಇಳಿದ ಮೇಲೆ ಮತ್ತೆ ನೋಡಿಸಿ.

ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್, ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿ-ಆರ್‌ಐ), ಗದಗಿನ ಜಿಮ್ಸ್, ಹಾವೇರಿಯ ಜಿಲ್ಲಾ ಆಸ್ಪತ್ರೆ, ಹತ್ತಿರದ್ದು ಯಾವುದೋ ಅಲ್ಲಿಂದ ಶುರುಮಾಡಬಹುದು. ತಾಲ್ಲೂಕು ಆಸ್ಪತ್ರೆಗಳ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿನಲ್ಲಿ ಮನೋವೈದ್ಯರು ಸಿಗುತ್ತಾರೆ. ಕ್ಯಾನ್ಸರ್ ಡಾಕ್ಟರ ಮುಂದೆ ‘ಸ್ವಲ್ಪ ಮರೀತಾರ್ರೀ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಹೀಗೆ ಹೇಳಿ: ತಾವೇ ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳುತ್ತಾರೋ? ಶೌಚಕ್ಕೆ ಹೇಳುತ್ತಾರೋ? ಎಷ್ಟು ಶಬ್ದ ಮಾತಾಡುತ್ತಾರೆ? ನಡೆಯುತ್ತಾರೋ?

ಈ ಉತ್ತರಗಳ ಮೇಲೆ ಒರಟು ವಿಂಗಡಣೆ ಹೀಗೆ. ದುಡ್ಡಿನ ಲೆಕ್ಕ ತಪ್ಪುತ್ತದೆ, ಆದರೆ ತಮ್ಮ ಕೆಲಸ ತಾವು ಮಾಡಿಕೊಳ್ಳುತ್ತಾರೆ ಎಂದರೆ ಆರಂಭದ ಹಂತ. ಜೊತೆಗೊಬ್ಬರು ಇದ್ದರೆ ಬೇರೆಯವರಿಗೆ ಕೊಡುವ ಚಿಕಿತ್ಸೆಯನ್ನೇ ಇವರಿಗೂ ಯೋಚಿಸಬೇಕು. ಸ್ನಾನಕ್ಕೆ, ಬಟ್ಟೆಗೆ ಒಬ್ಬರು ಬೇಕು ಎಂದರೆ ನಡುವಿನ ಹಂತ. ಬೇಗ ಮುಗಿಯುವ ಚಿಕಿತ್ಸೆಗಳಷ್ಟೇ ಹೊಂದುತ್ತವೆ. ಐದಾರು ಶಬ್ದಕ್ಕೆ ಮಾತು ಇಳಿದಿದೆ, ನಡೆಯುವುದಿಲ್ಲ, ನುಂಗುವಾಗ ಕೆಮ್ಮುತ್ತಾರೆ ಎಂದರೆ ಕೊನೆಯ ಹಂತ. ಅಲ್ಲಿ ಗಡ್ಡೆಯನ್ನು ಬಿಟ್ಟು ನೋವು, ರಕ್ತಸ್ರಾವ, ವಾಸನೆಗಳಿಗೆ ಚಿಕಿತ್ಸೆ.

ಕ್ಯಾನ್ಸರ್ ಡಾಕ್ಟರನ್ನು ಕೇಳಲೇಬೇಕಾದ ಒಂದು ಪ್ರಶ್ನೆ: ‘ಏನೂ ಮಾಡದಿದ್ದರೆ ಈ ಗಡ್ಡೆ ಎಷ್ಟು ತಿಂಗಳಿಗೆ ಯಾವ ತೊಂದರೆ ಕೊಡುತ್ತದೆ?’ ಎಂಟು ವರ್ಷಕ್ಕೆ ತೊಂದರೆ ಕೊಡುವ ಪ್ರಾಸ್ಟೇಟ್ ಗಡ್ಡೆಗೂ ನಾಲ್ಕು ತಿಂಗಳಿಗೆ ದವಡೆ ಮುಚ್ಚಿಸುವ ಗಲ್ಲದ ಗಡ್ಡೆಗೂ ಒಂದೇ ಉತ್ತರವಿಲ್ಲ.

ಬಾಯಿ ಕ್ಯಾನ್ಸರ್: ಆಯ್ಕೆ ತೀರಾ ಬಿಗಿಯಾಗುವುದು ಇಲ್ಲಿ

ತಂಬಾಕು, ಗುಟ್ಕಾ ಇರುವ ನಮ್ಮ ಕಡೆ ಹೆಚ್ಚು ಎದುರಾಗುವ ಪ್ರಶ್ನೆ ಇದೇ.

ಗಡ್ಡೆ ಸಣ್ಣದಿದ್ದರೆ ನಮ್ಮ ಒಲವು ಆಪರೇಷನ್ ಕಡೆಗೆ, ರೋಗಿ ನಡುವಿನ ಹಂತದಲ್ಲಿದ್ದರೂ. ಕಾರಣ, ಅದು ಒಂದು ದಿನದ ಕೆಲಸ. ರೋಗಿ ಸಹಕರಿಸಬೇಕಾದದ್ದು ಆಮೇಲಿನ ವಾರ-ಹತ್ತು ದಿನ. ಆ ಹತ್ತು ದಿನವೇ ಕಠಿಣ. ಅರಿವಳಿಕೆ ಇಳಿದ ಮೊದಲ ಎರಡು-ಮೂರು ರಾತ್ರಿ ಡೆಲಿರಿಯಂ ಬರುವ ಸಂಭವ ಹೆಚ್ಚು. ರೋಗಿ ಮೂಗಿನ ರೈಲ್ಸ್ ಟ್ಯೂಬ್ (ಊಟದ ನಳಿಗೆ) ಕೀಳುತ್ತಾರೆ, ಹೊಲಿಗೆಗೆ ಕೈ ಹಾಕುತ್ತಾರೆ. ಕೈ ಕಟ್ಟಿದರೆ ಗಾಬರಿ ಇಮ್ಮಡಿ. ಬದಲಿಗೆ ಬೆರಳು ಮುಚ್ಚುವ ಹತ್ತಿ ಬಟ್ಟೆಯ ಚೀಲಗೈ ಹೊಲಿಸಿಟ್ಟುಕೊಳ್ಳಿ, ಟ್ಯೂಬನ್ನು ಕೆನ್ನೆಗೆ ಅಂಟಿಸಿ ಕಿವಿಯ ಹಿಂದಿನಿಂದ ಕಣ್ಣಿಗೆ ಕಾಣದಂತೆ ಒಯ್ಯಲು ನರ್ಸಿಗೆ ಹೇಳಿ. ಕನ್ನಡಕ, ಕಿವಿಯ ಯಂತ್ರ ಎಚ್ಚರವಾದ ಕೂಡಲೇ ಹಾಕಿ. ಐಸಿಯುದಲ್ಲಿ ಒಬ್ಬರಿಗೆ ಕೂರಲು ಬಿಡಬೇಕೆಂದು ಆಪರೇಷನ್ನಿನ ಹಿಂದಿನ ದಿನವೇ ಅನುಮತಿ ಕೇಳಿ. ರಾತ್ರಿ ಹತ್ತಕ್ಕೆ ಕೇಳಿದರೆ ಸಿಗುವುದಿಲ್ಲ. ನಿದ್ದೆಗೆಂದು ಆಲ್ಪ್ರಜೋಲಾಂ, ಲೋರಜೆಪಾಂ ಕೊಟ್ಟರೆ ಗೊಂದಲ ಹೆಚ್ಚುವುದೇ ಹೆಚ್ಚು. ಮರೆವಿಗೆ ಕೊಡುವ ಡೊನೆಪೆಜಿಲ್ ಗುಳಿಗೆ ನಡೆದಿದ್ದರೆ ಅರಿವಳಿಕೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ: ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧದ ಪರಿಣಾಮವನ್ನು ಅದು ಲಂಬಿಸುತ್ತದೆ, ಹೃದಯದ ಬಡಿತವನ್ನೂ ಇಳಿಸುತ್ತದೆ.

ದವಡೆ ತೆಗೆದು, ಎದೆಯ ಮಾಂಸ ತಂದು ಮುಚ್ಚಿ, ಕುತ್ತಿಗೆಗೆ ಉಸಿರಿನ ರಂಧ್ರ ಮಾಡುವ ದೊಡ್ಡ ಆಪರೇಷನ್ ಬೇರೆಯೇ ಮಾತು. ನಡುವಿನ ಹಂತ ದಾಟಿದವರಿಗೆ ಅದನ್ನು ನಾವು ಸೂಚಿಸುವುದಿಲ್ಲ. ಆ ರಂಧ್ರದ ನಳಿಗೆಯನ್ನು ನಡುರಾತ್ರಿ ಕಿತ್ತರೆ ಜೀವಕ್ಕೇ ಕುತ್ತು.

ಕರೆಂಟ್, ಅಂದರೆ ರೇಡಿಯೋಥೆರಪಿ. (ಧಾರವಾಡದ ಸುತ್ತ ‘ಕರೆಂಟ್ ಕೊಡ್ತಾರ’ ಎಂದರೆ ಮಾನಸಿಕ ಆಸ್ಪತ್ರೆಯ ಶಾಕ್ ಎಂದು ಹೆದರುವವರಿದ್ದಾರೆ. ಇದು ಅದಲ್ಲ, ಎಕ್ಸ್‌ರೇ ತೆಗೆಸಿದಂತೆ, ಕೊಡುವಾಗ ಏನೂ ತಿಳಿಯುವುದಿಲ್ಲ.) ಗುಣಪಡಿಸುವ ಉದ್ದೇಶದ ಕೋರ್ಸ್ ವಾರಕ್ಕೆ 5 ದಿನದಂತೆ 30ರಿಂದ 35 ಸಲ, ಆರೇಳು ವಾರ. ಪ್ರತಿ ಸಲ ಮುಖಕ್ಕೆ ಬಿಗಿಯಾದ ಜಾಲರಿ ಮುಖವಾಡ ಹಾಕಿ, ಅದನ್ನು ಮೇಜಿಗೆ ತಿರುಪಿನಂತೆ ಭದ್ರ ಮಾಡಿ, 10–15 ನಿಮಿಷ ಕೋಣೆಯಲ್ಲಿ ಒಬ್ಬರನ್ನೇ ಬಿಡುತ್ತಾರೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ: ಗಟ್ಟಿ ಬೆಂಚಿನ ಮೇಲೆ ದಿಂಬಿಲ್ಲದೆ ಅಂಗಾತ ಮಲಗಿಸಿ, ಬಾಗಿಲಾಚೆ ನಿಂತು 15 ನಿಮಿಷ ಗಮನಿಸಿ. ಮೂರು ದಿನದಲ್ಲಿ ಒಮ್ಮೆಯೂ ಆಗದಿದ್ದರೆ ಮುಖವಾಡದಲ್ಲಿ ಆಗುವುದು ಅನುಮಾನ. ಮೂವತ್ತು ದಿನವೂ ನಿದ್ದೆಯ ಇಂಜೆಕ್ಷನ್ ಕೊಟ್ಟು ಮಾಡಿಸುವುದು ವಯಸ್ಸಾದವರಿಗೆ ಆಗುವ ಮಾತಲ್ಲ.

ಎರಡು-ಮೂರನೇ ವಾರಕ್ಕೆ ಬಾಯಿ ತುಂಬ ಹುಣ್ಣು. ಬೇರೆಯವರಿಗೆ ‘ಇನ್ನು ಮೂರು ವಾರ ತಡೀರಿ’ ಎನ್ನಬಹುದು. ಇವರಿಗೆ ಪ್ರತಿ ದಿನವೂ ಹೊಸ ನೋವು, ಯಾಕೆ ಎಂದು ತಿಳಿಯದ ನೋವು. ಊಟ ಬಿಡುತ್ತಾರೆ. ಒಂದು ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ, ಒಂದು ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ ಎನ್ನುತ್ತಾರೆ, ಆದರೆ ಇವರು ಅದನ್ನು ಉಗುಳದೆ ನುಂಗಿಬಿಡುತ್ತಾರೆ. ಅದೇ ನೀರಿನಲ್ಲಿ ಗಾಜ್ ಅದ್ದಿ, ಹಿಂಡಿ, ದಿನಕ್ಕೆ ಐದಾರು ಸಲ ಒರೆಸಬೇಕು. ನಡುವೆ ದಿನ ಬಿಟ್ಟರೆ ಗಡ್ಡೆ ಮತ್ತೆ ಚಿಗುರುತ್ತದೆ, ಕೊಟ್ಟ ಕರೆಂಟಿನ ಫಲ ಕಡಿಮೆಯಾಗುತ್ತದೆ. ಆದ್ದರಿಂದ ಮುಗಿಸುವ ನಂಬಿಕೆ ಇಲ್ಲದಿದ್ದರೆ ಉದ್ದದ ಕೋರ್ಸ್ ಶುರುಮಾಡುವುದಕ್ಕಿಂತ, ನೋವು ಮತ್ತು ರಕ್ತ ನಿಲ್ಲಿಸಲೆಂದೇ 5 ಅಥವಾ 10 ದಿನದಲ್ಲಿ ಕೊಡುವ ಸಣ್ಣ ಕೋರ್ಸ್ ಕೇಳುವುದು ಮೇಲು. ಕೇಳದಿದ್ದರೆ ಅದರ ಮಾತು ಬಾರದೆಯೂ ಹೋಗಬಹುದು.

ಮೂರನೇ ದಾರಿ ಗುಳಿಗೆ. ಗುಣವಾಗದ ಹಂತದ ಬಾಯಿ-ಗಂಟಲ ಕ್ಯಾನ್ಸರಿಗೆ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮತ್ತು ದಿನಕ್ಕೆರಡು ಸಲ ಸೆಲೆಕಾಕ್ಸಿಬ್ 200 ಮಿಗ್ರಾಂ ತೆಗೆದುಕೊಂಡವರ ಮಧ್ಯಮ ಬದುಕಿನ ಅವಧಿ 7.5 ತಿಂಗಳು, ಮೂರು ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧವನ್ನು ಸಲೈನಿನಲ್ಲಿ ಪಡೆದವರದು 6.1 ತಿಂಗಳು. ಗುಳಿಗೆಯಲ್ಲಿ ತೊಂದರೆಯೂ ಕಡಿಮೆ, ಮನೆಯಲ್ಲೇ ನಡೆಯುತ್ತದೆ, ಖರ್ಚು ಅಲ್ಪ. ಇದು ಗುಣಪಡಿಸುವ ಆಪರೇಷನ್ನಿಗೆ ಬದಲಿ ಅಲ್ಲ, ನೆನಪಿರಲಿ.

ಇದರ ಅಪಾಯ ಒಂದೇ, ಆದರೆ ದೊಡ್ಡದು. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯ ಗುಳಿಗೆ. ಮರೆತು ದಿನಾ ತೆಗೆದುಕೊಂಡರೆ ಬಾಯೆಲ್ಲ ಹುಣ್ಣಾಗಿ, ರಕ್ತಕಣ ಕುಸಿದು ಸಾವೇ ಬರಬಹುದು. ಚೀಟಿಯ ಮೇಲೆ ‘ಸೋಮವಾರ ಮಾತ್ರ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಸಿ, ಗುಳಿಗೆಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ. ಕೊಡುವವರು ಮನೆಯಲ್ಲಿ ಒಬ್ಬರೇ ಇರಲಿ. ಮೂತ್ರಪಿಂಡ ದುರ್ಬಲವಿದ್ದರೆ ಈ ಜೋಡಿ ಹೊಂದುವುದಿಲ್ಲ. ಸೆಲೆಕಾಕ್ಸಿಬ್ ನಡೆದಿರುವಾಗ ಅಂಗಡಿಯಿಂದ ಡೈಕ್ಲೋಫೆನಾಕ್ ಎಂಬ ಇನ್ನೊಂದು ನೋವಿನ ಗುಳಿಗೆ ತಂದು ಕೊಡಬೇಡಿ.

ಸ್ತನ: ಇಲ್ಲಿ ದಾರಿ ಸ್ವಲ್ಪ ಸಲೀಸು

ಗಡ್ಡೆ ಹಾರ್ಮೋನಿನಿಂದ ಬೆಳೆಯುವಂಥದೋ ಎಂದು ತೋರಿಸುವ ಹಾರ್ಮೋನ್ ರಿಸೆಪ್ಟರ್ ವರದಿ ಇಲ್ಲದೆ ಮಾತಾಡುವುದೇ ವ್ಯರ್ಥ. ಬಯಾಪ್ಸಿ ತುಣುಕಿನಲ್ಲೇ ಈಆರ್ (ಈಸ್ಟ್ರೋಜೆನ್), ಪಿಆರ್ (ಪ್ರೊಜೆಸ್ಟೆರಾನ್) ಪರೀಕ್ಷೆ ಮಾಡಿಸಿ. ಈಆರ್ ಪಾಸಿಟಿವ್ ಬಂದ, ತೀರಾ ನಿತ್ರಾಣವಾದ ಅಜ್ಜಿಗೆ ಆಪರೇಷನ್ ಬಿಟ್ಟು ದಿನಕ್ಕೊಂದು ಲೆಟ್ರೋಜೋಲ್ 2.5 ಮಿಗ್ರಾಂ ಹಾರ್ಮೋನ್ ಗುಳಿಗೆಯಿಂದಲೇ ಗಡ್ಡೆಯನ್ನು ಸಾಮಾನ್ಯವಾಗಿ ಎರಡು-ಮೂರು ವರ್ಷ ಹಿಡಿದಿಡಬಹುದು. ಅದಕ್ಕಿಂತ ಹೆಚ್ಚು ಬಾಳುವ ಲಕ್ಷಣವಿದ್ದರೆ ಆಪರೇಷನ್ನೇ ಸರಿ: ಸ್ತನದ ಆಪರೇಷನ್ ವಯಸ್ಸಾದವರೂ ಚೆನ್ನಾಗಿ ತಡೆಯುತ್ತಾರೆ, ಗಡ್ಡೆ ಮುಂದೆ ಒಡೆದು ಕೀವಾಗುವುದು ತಪ್ಪುತ್ತದೆ. ಇಲ್ಲಿ ರೋಗಿ ಕಿತ್ತುಕೊಳ್ಳುವುದು ಗಾಯದ ನೀರನ್ನು ಬಾಟಲಿಗೆ ಇಳಿಸುವ ಡ್ರೈನ್ ನಳಿಗೆಯನ್ನು. ಬಾಟಲಿಯನ್ನು ಸೀರೆಯ ಒಳಗೆ ಬೆನ್ನಿನ ಕಡೆಗೆ ಕಟ್ಟಿ.

ಗಡ್ಡೆಯನ್ನಷ್ಟೇ ತೆಗೆದ ಮೇಲೆ ಕರೆಂಟ್ ಬೇಕೇ ಬೇಕೆ? 65 ದಾಟಿದವರಲ್ಲಿ, 3 ಸೆಂ.ಮೀ. ಒಳಗಿನ, ಕಂಕುಳಿಗೆ ಹರಡದ, ಹಾರ್ಮೋನ್ ಗುಳಿಗೆ ತೆಗೆದುಕೊಳ್ಳುವ ಹೆಂಗಸರನ್ನು ಹತ್ತು ವರ್ಷ ನೋಡಿದ ಅಧ್ಯಯನದಲ್ಲಿ, ಕರೆಂಟ್ ಬಿಟ್ಟವರಲ್ಲಿ ನೂರಕ್ಕೆ ಒಂಬತ್ತು-ಹತ್ತು ಜನರಿಗೆ ಅದೇ ಸ್ತನದಲ್ಲಿ ಮರುಕಳಿಸಿತು, ಕೊಟ್ಟವರಲ್ಲಿ ಒಬ್ಬರಿಗೆ. ಬದುಕಿದ ವರ್ಷಗಳಲ್ಲಿ ವ್ಯತ್ಯಾಸವಿರಲಿಲ್ಲ. ಡಿಮೆನ್ಶಿಯಾ ಇದ್ದವರಿಗೆ ಬಿಡುವುದೇ ಹೆಚ್ಚು ಸಲ ಜಾಣತನ. ಕೊಡಲೇಬೇಕಾದರೆ ಒಂದೇ ವಾರದಲ್ಲಿ 5 ಸಲಕ್ಕೆ ಮುಗಿಯುವ ಕ್ರಮವಿದೆ, ಕೇಳಿ.

ಹಾರ್ಮೋನ್ ಗುಳಿಗೆಯಾಗಿ ಟ್ಯಾಮಾಕ್ಸಿಫೆನ್ ಬರೆದರೆ ಒಂದು ಮಾತು. ಮರೆವಿನ ಜೊತೆಗಿನ ಖಿನ್ನತೆಗೆ ಪ್ಯಾರಾಕ್ಸೆಟಿನ್ ಅಥವಾ ಫ್ಲುಆಕ್ಸೆಟಿನ್ ನಡೆದಿದ್ದರೆ ಅವು ಟ್ಯಾಮಾಕ್ಸಿಫೆನ್ ಕೆಲಸವನ್ನು ಕುಗ್ಗಿಸುತ್ತವೆ. ಮನೋವೈದ್ಯರಿಗೂ ಕ್ಯಾನ್ಸರ್ ಡಾಕ್ಟರಿಗೂ ಒಂದೇ ಚೀಟಿ ತೋರಿಸದಿದ್ದರೆ ಇದು ಯಾರಿಗೂ ತಿಳಿಯುವುದಿಲ್ಲ. ಹಾಸಿಗೆ ಹಿಡಿದವರಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟುವ ಭಯವೂ ಟ್ಯಾಮಾಕ್ಸಿಫೆನ್‌ಗಿದೆ.

ಪ್ರಾಸ್ಟೇಟ್: ತೊಂದರೆಯೇ ಇಲ್ಲದಿದ್ದರೆ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸಬೇಡಿ, ಸಿಕ್ಕ ಸಣ್ಣ ಗಡ್ಡೆಯನ್ನು ಕೆದಕಬೇಡಿ. ಎಲುಬಿಗೆ ಹರಡಿದ್ದರೆ ಮೂರು ತಿಂಗಳಿಗೊಮ್ಮೆಯ ಹಾರ್ಮೋನ್ ಇಂಜೆಕ್ಷನ್ನೋ, ಒಂದೇ ಸಲ ವೃಷಣ ತೆಗೆಯುವ ಸಣ್ಣ ಆಪರೇಷನ್ನೋ. ಮತ್ತೆ ಮತ್ತೆ ಹುಬ್ಬಳ್ಳಿಗೆ ಕರೆತರಲಾಗದವರಿಗೆ ಎರಡನೆಯದು ಅನುಕೂಲ. ದೊಡ್ಡಕರುಳಾದರೆ, ಆಪರೇಷನ್ ಆದ ಮೇಲೆ ಮಲ ಇಳಿಯಲು ಹೊಟ್ಟೆಯ ಮೇಲೆ ಹಾಕುವ ಚೀಲವನ್ನು ರೋಗಿ ಕಿತ್ತೆಸೆಯುವುದು ದಿನದ ಪಾಡು. ಚೀಲವಿಲ್ಲದೆ ಜೋಡಿಸಲು ಬರುತ್ತದೆಯೇ, ಕರುಳು ಕಟ್ಟಿದ್ದರೆ ಒಳಗಿನಿಂದ ಸ್ಟೆಂಟ್ (ದಾರಿ ತೆರೆದಿಡುವ ಜಾಲರಿ ಕೊಳವೆ) ಹಾಕಬಹುದೇ ಎಂದು ಕೇಳಿ.

ಸಲೈನ್ ಕೀಮೋ ಮತ್ತು ಅದರ ಜೊತೆಯ ಔಷಧಗಳು

ಕೀಮೋ ಕೊಟ್ಟ 7ರಿಂದ 14ನೇ ದಿನದೊಳಗೆ ಬಿಳಿ ರಕ್ತಕಣ ತೀರಾ ಇಳಿಯುತ್ತವೆ. ಆಗ 100.4 ಡಿಗ್ರಿ ಜ್ವರ ಬಂದರೆ ಬೆಳಗಾಗಲು ಕಾಯದೆ ಆಸ್ಪತ್ರೆಗೆ ಹೋಗಬೇಕು. ‘ಮೈ ಕಾದೈತಿ’ ಎಂದು ಹೇಳದವರಿಗೆ ದಿನಕ್ಕೆರಡು ಸಲ ಥರ್ಮಾಮೀಟರ್ ಇಡುವವರು, ನಡುರಾತ್ರಿ ಗಾಡಿ ತರುವವರು ಮನೆಯಲ್ಲಿದ್ದಾರೆಯೇ? ರೋಣದಿಂದಲೋ ಹಿರೇಕೆರೂರಿನಿಂದಲೋ ಹುಬ್ಬಳ್ಳಿ ತಲುಪಲು ಹಿಡಿಯುವ ಹೊತ್ತನ್ನೂ ಲೆಕ್ಕ ಹಾಕಿ. ಇದಕ್ಕೆ ‘ಹೌದು’ ಎನ್ನಲಾಗದಿದ್ದರೆ ಕೀಮೋ ಬೇಡ ಎನ್ನುವುದೇ ನಮ್ಮ ಅಭಿಪ್ರಾಯ. ಕೇಪ್‌ಸೈಟಬಿನ್ ಎಂಬ ಕೀಮೋ ಗುಳಿಗೆ 14 ದಿನ ತಿಂದು 7 ದಿನ ಬಿಡುವಂಥದು. ಭೇದಿ ಶುರುವಾದರೆ ಅಂದೇ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಬೇಕು. ಅದನ್ನೂ ರೋಗಿಯ ಕೈಗೆ ಕೊಡುವಂತಿಲ್ಲ.

ಗೊಂದಲ ಹೆಚ್ಚಿಸುವವು ಹೆಚ್ಚಾಗಿ ಕೀಮೋಗಿಂತ ಜೊತೆಯ ಔಷಧಗಳು. ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಸಂಜೆ ಕೊಟ್ಟರೆ ರಾತ್ರಿಯಿಡೀ ಓಡಾಟ. ಬೆಳಗ್ಗೆ ಕೊಡಲು ಹೇಳಿ. ಅಲರ್ಜಿಗೆ ಕೊಡುವ ಏವಿಲ್, ಫೆನರ್ಗಾನ್ ಇಂಜೆಕ್ಷನ್ ಮೆದುಳನ್ನು ಮಂಕಾಗಿಸುತ್ತವೆ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಗಲಾಟೆಗೆ ಕೊಡುವ ಹ್ಯಾಲೊಪೆರಿಡಾಲ್ ಲೂಯಿ ಬಾಡಿ ಎಂಬ ಬಗೆಯ ಡಿಮೆನ್ಶಿಯಾ ಅಥವಾ ಪಾರ್ಕಿನ್‌ಸನ್ ಇದ್ದವರನ್ನು ಕಟ್ಟಿಗೆಯಂತೆ ಬಿಗಿಸಿಬಿಡುತ್ತವೆ. ವಾಂತಿಗೆ ಆನ್‌ಡ್ಯಾನ್‌ಸೆಟ್ರಾನ್ ಸುರಕ್ಷಿತವೇ, ಆದರೆ ಡೊನೆಪೆಜಿಲ್ ಜೊತೆಗೆ ಹೋದಾಗ ಇಸಿಜಿ ನೋಡಿಸಬೇಕು. ಅದು ತರುವ ಮಲಬದ್ಧತೆಗೂ ಔಷಧ ಬೇಕು.

ದಿನಾ ಓಡಾಟವೋ, ಖೋಲಿಯೋ, ಅಡ್ಮಿಟ್ಟೋ

ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆಗೆ ಧಾರವಾಡದವರು ಚಿಗರಿ ಬಸ್ಸಿನಲ್ಲೇ ಬರಬಹುದು. ಗದಗಿನಿಂದ ಹುಬ್ಬಳ್ಳಿ ಸುಮಾರು 58 ಕಿ.ಮೀ., ಹಾವೇರಿಯಿಂದ ಸುಮಾರು 75. ಐದು ದಿನದ ಕೋರ್ಸಿಗೆ ದಿನಾ ಓಡಾಡಿ. ಮರೆವಿರುವವರಿಗೆ ತಮ್ಮ ಮನೆ, ತಮ್ಮ ಪಡಸಾಲೆಯೇ ಅರ್ಧ ಔಷಧ. ಆರು ವಾರದ ಕೋರ್ಸಿಗೆ ಹುಬ್ಬಳ್ಳಿಯಲ್ಲಿ ಖೋಲಿ ಹಿಡಿಯುವವರು ಮೊದಲ ವಾರ ರಾತ್ರಿ ಬಚ್ಚಲು ಸಿಗದೆ ತಡಕಾಡುವುದು, ಬಾಗಿಲು ತೆಗೆದು ಹೊರಬೀಳುವುದು ಇದ್ದದ್ದೇ ಎಂದುಕೊಂಡು ಸಿದ್ಧರಾಗಿ. ಮನೆಯ ಕೌದಿ, ದಿನಾ ಕುಡಿಯುವ ಚರಿಗೆ ಜೊತೆಗೊಯ್ಯಿರಿ. ಬಚ್ಚಲಿಗೆ ದೀಪ ಉರಿಯುತ್ತಿರಲಿ, ಅಗಳಿ ಮೇಲ್ಗಡೆಗೆ ಹಾಕಿಸಿ. ಅಂಗಿಯ ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇಲ್ಲದೆ ಬಸ್ ನಿಲ್ದಾಣಕ್ಕೆ ಕರೆದೊಯ್ಯಬೇಡಿ. ಕರೆಂಟಿನ ಸಮಯ ಬೆಳಗ್ಗೆಯದೇ ಕೇಳಿ; ಹೊತ್ತು ಇಳಿದಂತೆ ಗಲಿಬಿಲಿ ಏರುತ್ತದೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲು ಮಾಡಿಸಿ. ಊಟ, ಖೋಲಿ ಬಾಡಿಗೆ, ಜೊತೆಗಿರುವವರ ಕೂಲಿ ಹೋಗುವುದು ಯಾವ ಪ್ಯಾಕೇಜಿನಲ್ಲೂ ಇಲ್ಲ.

ನೋವು

‘ಬ್ಯಾನಿ ಐತೇನಬೇ?’ ಎಂದರೆ ‘ಇಲ್ಲ’ ಎನ್ನುತ್ತಾರೆ. ಮಗ್ಗುಲು ಬದಲಿಸುವಾಗ, ಮೈ ತೊಳೆಯುವಾಗ ನೋಡಿ. ಉಸಿರು, ನರಳಿಕೆ, ಮುಖಚಹರೆ, ಮೈಯ ಬಿಗಿತ, ಸಮಾಧಾನ ಮಾಡಿದರೆ ಸುಮ್ಮನಾಗುತ್ತಾರೋ ಇಲ್ಲವೋ: ಈ ಐದಕ್ಕೂ 0, 1, 2 ಅಂಕ ಕೊಡುವ ಪದ್ಧತಿ ಇದೆ, ಒಟ್ಟು ಹತ್ತಕ್ಕೆ. ದಿನಾ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಹೊಡೆಯುವುದು, ಊಟ ನೂಕುವುದು ಹೆಚ್ಚಾದರೆ ಮಾನಸಿಕ ಗುಳಿಗೆ ಏರಿಸುವ ಮೊದಲು ಪ್ಯಾರಾಸೆಟಮಾಲ್ ಅನ್ನು ಹೊತ್ತು ಹೊತ್ತಿಗೆ ಎರಡು-ಮೂರು ದಿನ ಕೊಟ್ಟು ನೋಡಬಹುದು. ವಯಸ್ಸಾದವರಿಗೆ ದಿನಕ್ಕೆ 3 ಗ್ರಾಂ ಮೀರದಂತೆ, ತೂಕ ತೀರಾ ಕಡಿಮೆಯಿದ್ದರೆ ಇನ್ನೂ ಕಡಿಮೆ.

ಜೋರು ನೋವಿಗೆ ಟ್ರಮಡಾಲ್ ಗುಳಿಗೆಗಿಂತ ಸಣ್ಣ ಪ್ರಮಾಣದ ಮಾರ್ಫಿನ್ ಎಷ್ಟೋ ಸಲ ಮೇಲು. ಟ್ರಮಡಾಲ್ ಗೊಂದಲ ತರುತ್ತದೆ, ಖಿನ್ನತೆಯ ಗುಳಿಗೆಗಳೊಂದಿಗೆ ಕಾದಾಡುತ್ತದೆ. ಮಾರ್ಫಿನ್ ವಯಸ್ಸಾದವರಿಗೆ ಸಾಮಾನ್ಯವಾಗಿ 2.5ರಿಂದ 5 ಮಿಗ್ರಾಂಗೆ ಶುರು, ಮೂತ್ರಪಿಂಡ ನೋಡಿಕೊಂಡು. ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧ ಜೊತೆಗಿರಲಿ. ಎಲುಬಿಗೆ ಹರಡಿದ ನೋವಿಗೆ 8 ಗ್ರೇ (ಕರೆಂಟ್ ಅಳೆಯುವ ಮಾನ) ಪ್ರಮಾಣದ ಒಂದೇ ಸಲದ ಕರೆಂಟ್, ಹತ್ತು ದಿನದ್ದರಷ್ಟೇ ನೋವಿಳಿಸುತ್ತದೆ. ಮತ್ತೊಮ್ಮೆ ಬೇಕಾಗುವ ಸಂಭವ ಒಂದೇ ಸಲದ್ದರಲ್ಲಿ ಹೆಚ್ಚು, ಸರಿ. ಆದರೆ ಈ ರೋಗಿಗೆ ಒಂದೇ ಸಲದ್ದನ್ನೇ ಆರಿಸುತ್ತೇವೆ.

ಸಹಿ ಯಾರದು, ನಿಲ್ಲಿಸುವುದು ಯಾವಾಗ

ಡಿಮೆನ್ಶಿಯಾ ಎಂದ ಮಾತ್ರಕ್ಕೆ ಕೇಳುವ ಹಕ್ಕು ಹೋಗುವುದಿಲ್ಲ. ಬೆಳಗಿನ ಹೊತ್ತು, ತಿಂಡಿಯಾದ ಮೇಲೆ, ಒಂದು ಸಲಕ್ಕೆ ಒಂದೇ ವಿಷಯ: ‘ಯಪ್ಪಾ, ಬಾಯಾಗ ಗಂಟ ಆಗೈತಿ. ಕೊಯ್ದು ತಗೀತಾರ, ಎಂಟ ದಿನ ದವಾಖಾನ್ಯಾಗ ಇರಬೇಕ. ಇಲ್ಲಾಂದ್ರ ಬೆಳೀತೈತಿ. ಏನ್ ಮಾಡೂಣು?’ ಹೇಳಿದ್ದನ್ನು ತಮ್ಮ ಮಾತಲ್ಲಿ ತಿರುಗಿ ಹೇಳಿದರೆ, ಕಾರಣ ಕೊಟ್ಟರೆ, ಮಧ್ಯಾಹ್ನ ಕೇಳಿದಾಗಲೂ ಅದನ್ನೇ ಅಂದರೆ, ಆ ನಿರ್ಧಾರ ಅವರದು. ನಡುವಿನ ಹಂತದಲ್ಲಿ ‘ಕ್ಯಾನ್ಸರ್’ ಎಂಬ ಶಬ್ದವನ್ನು ದಿನಾ ಹೊಸದಾಗಿ ಕೇಳಿಸಿ ದಿನಾ ಅಳಿಸುವ ಅಗತ್ಯವಿಲ್ಲ. ‘ಹುಣ್ಣಿಗೆ ಔಷಧ’ ಎಂದರೆ ಸುಳ್ಳೂ ಅಲ್ಲ.

ಅವರಿಂದ ಆಗದಿದ್ದರೆ, ಮನೆಯವರು ಕೂಡಿ ಒಬ್ಬರ ಹೆಸರನ್ನು ಡಾಕ್ಟರಿಗೆ ಬರೆದುಕೊಡಿ. ಆ ಮಾತುಕತೆಯಲ್ಲಿ ದಿನಾ ಉಣಿಸಿ ತೊಳೆಯುವ ಸೊಸೆ ಕೂರಲೇಬೇಕು; ಸಹಿ ಹಾಕುವ ಹಿರಿಮಗನಿಗೆ ರಾತ್ರಿ ಎರಡರ ಸ್ಥಿತಿ ಗೊತ್ತಿರುವುದಿಲ್ಲ. ಆರಂಭದ ಹಂತದಲ್ಲಿರುವವರು ತಮಗೆ ವೆಂಟಿಲೇಟರ್ ಬೇಕೋ ಬೇಡವೋ ಎಂದು ಮೊದಲೇ ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಒಪ್ಪಿತು. 2023ರಲ್ಲಿ ಕ್ರಮ ಸರಳವಾಯಿತು: ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದರ ಜಾರಿಗೆ ಸುತ್ತೋಲೆ ಹೊರಡಿಸಿದೆ.

ಯಾವ ಚಿಕಿತ್ಸೆ ಆರಿಸಿದರೂ ಶುರುಮಾಡುವ ದಿನವೇ ನಿಲ್ಲಿಸುವ ಗುರುತುಗಳನ್ನು ಡಾಕ್ಟರ ಜೊತೆ ಕೂತು ಬರೆಯಿರಿ. ಎರಡು ವಾರದಲ್ಲಿ ಇಂತಿಷ್ಟು ಕಿಲೋ ತೂಕ ಇಳಿದರೆ, ಮೂರು ದಿನ ಸತತ ಮೇಜಿನ ಮೇಲೆ ಮಲಗಲೊಪ್ಪದಿದ್ದರೆ, ಎದ್ದು ನಡೆಯುತ್ತಿದ್ದವರು ಹಾಸಿಗೆ ಹಿಡಿದರೆ, ಅಲ್ಲಿಗೆ ನಿಲ್ಲಿಸಿ ಆರೈಕೆಗೆ ತಿರುಗುವುದು. ಕೊನೆಯ ಹಂತದಲ್ಲಿ ನುಂಗುವುದು ಕಷ್ಟವಾದಾಗ ಹೊಟ್ಟೆಗೆ ನಳಿಗೆ ಹಾಕುವುದರಿಂದ ಆಯುಸ್ಸು ಹೆಚ್ಚಿದ್ದಕ್ಕೆ ಆಧಾರವಿಲ್ಲ. ಕೂರಿಸಿ, ಗದ್ದ ಸ್ವಲ್ಪ ತಗ್ಗಿಸಿ, ಚಮಚದಲ್ಲಿ ಮಂದವಾದ ಗಂಜಿಯನ್ನೋ ಸಜ್ಜಕವನ್ನೋ ಹಿಡಿದಷ್ಟು ಕೊಡಿ. ಆ ಗುರುತುಗಳ ಹಾಳೆ, ನಡೆದಿರುವ ಗುಳಿಗೆಗಳ ಪಟ್ಟಿ, ಕೊಡಬಾರದ ಇಂಜೆಕ್ಷನ್ನುಗಳ ಹೆಸರು, ಈ ಮೂರೂ ಫೈಲಿನ ಮೊದಲ ಪುಟದಲ್ಲಿರಲಿ. ರಾತ್ರಿ ಡ್ಯೂಟಿಯ ಡಾಕ್ಟರಿಗೆ ಎರಡನೇ ಪುಟ ತಿರುವಲು ಪುರುಸೊತ್ತಿರುವುದಿಲ್ಲ.